ಚೀಟಿಯಲ್ಲಿ ‘ಹರ್ಪಿಸ್’ ಎಂದಿದ್ದರೆ



ವೈದ್ಯಕೀಯ ನೆರವು ಕೋರಿ ನಾಸಿಕದ ಹಿರಿಯರೊಬ್ಬರು ಕಳಿಸಿದ ಅರ್ಜಿಯಲ್ಲಿ ಕಾಯಿಲೆಯ ಹೆಸರೇ ಇರಲಿಲ್ಲ. ಫೋನ್ ಮಾಡಿ ವಿಚಾರಿಸಿದೆ. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ಡಾಕ್ಟರ ಚೀಟಿಯಲ್ಲಿ ‘ಹರ್ಪಿಸ್ ಜೋಸ್ಟರ್’ ಎಂದಿತ್ತು. ಲೈಂಗಿಕ ರೋಗವೆಂದು ತಿಳಿದು, ನಾಚಿ, ಐದು ದಿನ ಔಷಧವನ್ನೇ ತಂದಿರಲಿಲ್ಲ.

ಅದು ನಮ್ಮ ಸರ್ಪಸುತ್ತು, ಇಲ್ಲಿನವರ ‘ನಾಗೀಣ’. ಹಿಂದೆಂದೋ ಬಂದ ಚಿಕನ್‌ಪಾಕ್ಸ್‌ನ ವೈರಸ್ ನರದಲ್ಲಿ ಅಡಗಿದ್ದು ವಯಸ್ಸಾದಾಗ ಏಳುತ್ತದೆ. ಗುಳ್ಳೆ ಕಂಡ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಗುಣ ಹೆಚ್ಚು. ಇವರಿಗೆ ಗುಳ್ಳೆ ಒಣಗಿದರೂ ಉರಿ ಹೋಗಿಲ್ಲ.

ಸಂಭಾಜಿನಗರದ ಗರ್ಭಿಣಿ ಮಗಳು ಬರಬಹುದೇ ಎಂದು ಆಗ ಕೇಳಿದ್ದರಂತೆ. ಗುಳ್ಳೆಯ ನೀರು ತಾಗಿದರೆ, ಚಿಕನ್‌ಪಾಕ್ಸ್ ಆಗಿರದವರಿಗೆ ಅದು ಬರಬಹುದು. ಹಕ್ಕಳೆ ಕಟ್ಟುವವರೆಗೆ ಮುಚ್ಚಿಡಬೇಕು, ಗರ್ಭಿಣಿಯರು, ಎಳೆಗೂಸುಗಳು ದೂರವಿರಬೇಕು.

ಹರ್ಪಿಸ್ ಸಿಂಪ್ಲೆಕ್ಸ್ ಬೇರೆ ವೈರಸ್. ಅದರ ಒಂದನೇ ಬಗೆ, ಹೆಚ್ಚಾಗಿ ತುಟಿಯ ಗುಳ್ಳೆ ಎಬ್ಬಿಸುವಂಥದ್ದು, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರಲ್ಲಿದೆ. ನಾಚುವುದಾದರೆ ಊರೇ ನಾಚಬೇಕು! ತುಟಿಯಲ್ಲಿ ಗುಳ್ಳೆಯಿದ್ದಾಗ ಅಜ್ಜಿಯರೂ ಕೂಸಿಗೆ ಮುತ್ತಿಡಬಾರದು, ಹಸುಗೂಸಿಗೆ ಜೀವಾಪಾಯವಿದೆ. ಎರಡನೇ ಬಗೆ ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಗುಳ್ಳೆ ಕಾಣದಿದ್ದಾಗಲೂ. ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಪೂರ್ತಿ ತಡೆಯದು. ಗುಳ್ಳೆಯಿರುವಾಗ ಸಂಪರ್ಕವೇ ಬೇಡ. ಸರ್ಕಾರದ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ತಪಾಸಣೆ ಉಚಿತ.

ಅರ್ಜಿಯಲ್ಲಿ ರೋಗದ ಹೆಸರು ಧೈರ್ಯವಾಗಿ ಬರೆಯಿರಿ, ಸಮಿತಿಯಿಂದಾಚೆ ಹೋಗದು. ಈ ಹಿರಿಯರಿಗೆ ನರನೋವಿನ ಮಾತ್ರೆ ಇನ್ನೂ ಕೆಲವು ತಿಂಗಳು ಬೇಕಾಗಬಹುದು. ದಾನಿಗಳು ವೈದ್ಯಕೀಯ ನಿಧಿಗೆ ಕೈಲಾದಷ್ಟು ನೀಡಬೇಕೆಂದು ಕೋರುತ್ತೇನೆ.