ಉತ್ಖನನಕ್ಕೆ ಹೊರಟವರ ಚೀಲದಲ್ಲಿ

ಪ್ರಶ್ನೆ: ಬಳ್ಳಾರಿ ಕಡೆ ಪುರಾತತ್ವ ಕ್ಷೇತ್ರಕಾರ್ಯಕ್ಕೆ ಹೊರಟಿದ್ದೇನೆ. ಎಂಥ ಬಟ್ಟೆ, ಸಲಕರಣೆ ಬೇಕು?

ಉತ್ತರ: ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಚಳಿಗಾಲದ ಮಧ್ಯಾಹ್ನವೂ ಬಂಡೆ ಕಾಯುತ್ತದೆ. ತುಂಬುತೋಳಿನ ಸಡಿಲ ಹತ್ತಿ ಅಂಗಿ, ಗಟ್ಟಿ ಪ್ಯಾಂಟು, ಅಗಲ ಅಂಚಿನ ಟೋಪಿ ಸಾಕು. ಜಾಲಿಮುಳ್ಳಿಗೂ ಇದೇ ರಕ್ಷಣೆ. ಚೂಡಿದಾರವೂ ಆದೀತು, ದುಪಟ್ಟಾವನ್ನು ಮಾತ್ರ ಸೊಂಟಕ್ಕೆ ಬಿಗಿದು ಕಟ್ಟಿ. ಬಗ್ಗಿದಾಗ ಅದರ ತುದಿ ತಾಗಿದರೂ ಈಗಷ್ಟೇ ಬಿಡಿಸಿದ ಮಡಕೆಚೂರು ಜಾಗ ಬಿಟ್ಟು ಕದಲುತ್ತದೆ. ಆಮೇಲೆ ಅದರ ಅಳತೆಗೆ ಅರ್ಥವಿಲ್ಲ.

ಗುಡ್ಡ ಹತ್ತಲು ಹಿಡಿತವಿರುವ ಬೂಟು ಬೇಕು. ಅಗೆದ ಗುಂಡಿಯೊಳಗೆ ಅದನ್ನು ತರಬೇಡಿ. ಮಟ್ಟಸ ಅಡಿಯ ಹಗುರ ಶೂ ಹಾಕಿಕೊಳ್ಳಿ. ಭಾರದ ಬೂಟು ಗುಂಡಿಯ ಅಂಚನ್ನು ಕುಸಿಯುವಂತೆ ಮಾಡುತ್ತದೆ.

ಹಣ ಖರ್ಚು ಮಾಡುವುದಿದ್ದರೆ ಕರಣೆಗೆ ಮಾಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಗಾರೆಯವರ ದೊಡ್ಡ ಕರಣೆ ಬೇಡ, ನಾಲ್ಕೈದು ಅಂಗುಲದ ಚೂಪು ಮೂತಿಯದು ಬೇಕು. ಅಲಗೂ ಹಿಡಿಯ ಕಾಂಡವೂ ಒಂದೇ ಉಕ್ಕಿನ ತುಂಡಿನಿಂದ ಬಡಿದದ್ದಾಗಿರಲಿ. ಬೆಸೆದದ್ದು ಗಟ್ಟಿ ನೆಲದಲ್ಲಿ ಮುರಿಯುತ್ತದೆ. ಅಂಚನ್ನು ಆಗಾಗ ಅರದಿಂದ ಉಜ್ಜಿ. ಹದವಾದ ಕರಣೆಯಿಂದ ಕೆರೆಯುತ್ತಿದ್ದರೆ ಸಡಿಲ ಬೂದಿಯಿಂದ ಬಿಗಿ ಮಣ್ಣಿಗೆ ಬಂದದ್ದು ಕಣ್ಣಿಗಿಂತ ಮೊದಲು ಕೈಗೆ, ಕಿವಿಗೆ ತಿಳಿಯುತ್ತದೆ. ಒಂದು ಪದರ ಮುಗಿದು ಇನ್ನೊಂದು ಶುರುವಾಗುವುದು ಅಲ್ಲೇ.

ಉಳಿದಂತೆ ಕುಂಚ, ಟೇಪು, ಮೊಣಕಾಲಿಗೆ ಮಡಿಸಿದ ಗೋಣಿತಾಟು, ಧಾರಾಳ ನೀರು. ಬರೆಯಲು ಪೆನ್ಸಿಲ್ಲೇ ಒಳ್ಳೆಯದು, ಬೆವರು ಬಿದ್ದರೂ ಶಾಯಿಯಂತೆ ಹರಡುವುದಿಲ್ಲ.