ತಿಳಿನೀರಿನ ಸರೋವರದಲ್ಲಿ ಗಾಳಿಯ ದಿನ

ಗಾಳ ಹಾಕುವವನಿಗೆ ಗಾಳಿಯಂಥ ವೈರಿ ಬೇರಿಲ್ಲವೆಂದು ತೋರುವುದು ಸಹಜ. ಅಮೆರಿಕದ ಮಿಸೌರಿ ರಾಜ್ಯದ ಟೇಬಲ್ ರಾಕ್ ಸರೋವರದಲ್ಲಿ ಬಾಸ್ ಮೀನು ಹಿಡಿಯುವವರು ಮಾತ್ರ ಈ ಮಾತಿಗೆ ಒಪ್ಪಲಾರರು.

ವೈಟ್ ನದಿಗೆ ಅಡ್ಡಲಾಗಿ 1958ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿಂದೆ ನಿಂತ ಈ ಜಲರಾಶಿ ತನ್ನ ತಿಳಿನೀರಿಗೆ ಹೆಸರಾದುದು. ತಿಳಿನೀರು ನೋಡುವವನ ಕಣ್ಣಿಗೆ ಹಬ್ಬ, ಗಾಳದವನಿಗೆ ತೊಡಕು. ಶಾಂತವಾದ ದಿನ ದೋಣಿಯ ನೆರಳನ್ನೂ ದಾರವನ್ನೂ ಕಂಡು ಮೀನು ದೂರ ಸರಿಯುವುದು. ಗಾಳಿ ಬೀಸಿ ತೆರೆಯೆದ್ದರೆ ಬೆಳಕು ಒಡೆದು ಚದರುವುದು. ಮೀನಿನ ಸಂಶಯ ಕಡಿಮೆಯಾಗುವುದು. ಇದಲ್ಲದೆ ಗಾಳಿಯು ಮೇಲ್ನೀರಿನ ಸೂಕ್ಷ್ಮಜೀವಿಗಳನ್ನು ಒಂದೇ ದಡಕ್ಕೆ ತಳ್ಳುತ್ತದೆ. ಅವನ್ನು ತಿನ್ನಲು ಶಾಡ್ ಎಂಬ ಸಣ್ಣ ಮೀನುಗಳು, ಶಾಡನ್ನು ತಿನ್ನಲು ಬಾಸ್. ಮಧ್ಯಾಹ್ನದ ಹೊತ್ತು ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಗೆ ಈ ನೂಕುನುಗ್ಗಲನ್ನು ನಾವು ವರ್ಣಿಸಬೇಕಾಗಿಲ್ಲ! ಲೋಹದ ಎಲೆಗಳು ಗಿರ್ರನೆ ತಿರುಗಿ ಮಿನುಗುವ ಕೃತಕ ಎರೆಯನ್ನು ಅಲ್ಲಿ ಎಸೆದರೆ, ಹಸಿದ ಬಾಸ್ ಅದನ್ನು ಶಾಡೆಂದೇ ಬಗೆದು ಹಾಯುತ್ತದೆ.

ಆದರೆ ದೋಣಿ ನಿಲ್ಲಬೇಕಲ್ಲ! ಎಸೆದ ದಾರ ಗಾಳಿಗೆ ಬಾಗುತ್ತದೆ, ತೋಳು ಸೋಲುತ್ತದೆ. ಬೇಸತ್ತವರು ಗುಡ್ಡದ ಮರೆಯ ಕಿರುಗೊಲ್ಲಿಗಳನ್ನು ಹೊಗುತ್ತಾರೆ. ವಸಂತದಲ್ಲಿ ಬಾಸ್ ಕೂಡ ಅಂಥ ಮರೆಯನ್ನೇ ಅರಸುವುದು. ನೀರಿನ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಗಂಡು ಮೀನು ಆಳವಿಲ್ಲದೆಡೆ ಬಾಲದಿಂದ ತಳವನ್ನು ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ, ಕಾವಲು ತಂದೆಯದು. ಆ ದಿನಗಳಲ್ಲಿ ಅದಕ್ಕೆ ಆಹಾರದ ಮೇಲೆ ಹೆಚ್ಚು ಲಕ್ಷ್ಯವಿಲ್ಲ. ಹತ್ತಿರ ಬಂದ ಯಾವುದನ್ನೇ ಆದರೂ ಅಟ್ಟುತ್ತದೆ, ಗಾಳವನ್ನೂ ಕಚ್ಚುತ್ತದೆ. ನೀರು ತಿಳಿಯಾದುದರಿಂದ ಗೂಡು ದೋಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಹಿಡಿಯುವುದೇನೂ ಕಷ್ಟವಲ್ಲ.

ಮಳೆಗಾಲದ ಮೊದಲ ನೀರಿಗೆ ಗದ್ದೆಯ ಕಡೆ ಏರಿಬರುವ ಹತ್ತುಮೀನನ್ನು ಮಲೆನಾಡಿನ ನಮ್ಮ ವಾಚಕರು ಬಲ್ಲರು; ಅವೂ ಮೊಟ್ಟೆಯಿಡಲೆಂದೇ ಬರುವವು. ಮರಿಗಳನ್ನು ಕಾಯುವ ಕೊರವ ಮೀನು ನಮ್ಮ ಕೆರೆಗಳಲ್ಲಿಯೂ ಉಂಟು.

ಹಿಡಿದುದನ್ನು ಮರಳಿ ನೀರಿಗೆ ಬಿಟ್ಟರಾಯಿತಲ್ಲ ಎಂಬುದು ಅಲ್ಲಿಯ ಅನೇಕರ ವಾದ. ನಮಗೆ ಇದು ಪೂರ್ಣವಾಗಿ ಒಪ್ಪುವಂತೆ ಕಾಣದು. ಕಾವಲುಗಾರ ದೋಣಿಯಲ್ಲಿರುವ ಕೆಲವೇ ನಿಮಿಷಗಳಲ್ಲಿ ಬ್ಲೂಗಿಲ್ ಮೊದಲಾದ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ತಿನ್ನಬಲ್ಲವು. ಮರಳಿದ ತಂದೆ ಉಳಿದುದು ಅಲ್ಪವೆಂದು ಕಂಡರೆ ಗೂಡನ್ನೇ ತೊರೆಯುವುದುಂಟು. ಮೊಟ್ಟೆಗಳು ಸಾವಿರಾರು, ದೊಡ್ಡ ಸರೋವರಕ್ಕೆ ಇದರಿಂದ ಕೊರತೆಯಾಗದೆಂದು ಹೇಳುವ ತಜ್ಞರೂ ಇದ್ದಾರೆ. ಕೆನಡದ ಒಂಟಾರಿಯೋ ಪ್ರಾಂತದ ಹಲವು ಭಾಗಗಳಲ್ಲಿ ಜೂನ್ ತಿಂಗಳವರೆಗೆ ಬಾಸ್ ಹಿಡಿಯಲು ಅನುಮತಿಯೇ ಇಲ್ಲ. ಮಿಸೌರಿಯ ಸರೋವರಗಳಲ್ಲಿ ಅಂಥ ತಡೆಯಿಲ್ಲ; ಕೊಲ್ಲಿಯೋ ಗಾಳಿಯ ದಡವೋ ಎಂಬುದು ದೋಣಿಯವನ ಇಚ್ಛೆ. ನಮ್ಮ ಮತವಂತೂ, ತೋಳು ನೋಯುವುದಾದರೂ, ಗಾಳಿಯ ದಡದ ಕಡೆಗೆ.