ಮುಳ್ಳು ಸರಿಯಾಗಿದೆ, ಎಣ್ಣೆ ಎಲ್ಲಿ?

ಬಾಲಾನಗರದ ಲೇತುಗಳ ಸದ್ದು ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾದುದೇ. 1968ರಲ್ಲಿ ಸ್ಥಾಪಿತವಾದ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯು ಅಲ್ಲಿಯೇ ಇದೆ. ದೊಡ್ಡ ಕಾರ್ಖಾನೆಗಳ ಮಗ್ಗುಲಲ್ಲಿರುವ ಸಣ್ಣ ಷೆಡ್ಡುಗಳಿಗಂತೂ ಲೆಕ್ಕವಿಲ್ಲ. ಅಂತಹ ಷೆಡ್ಡೊಂದರಲ್ಲಿ ಈಚೆಗೆ ನಾವು ಕಲಿತ ಪಾಠವು ಕಾರು ಇಟ್ಟವರಿಗೆ ಮಾತ್ರವಲ್ಲ, ದುಡಿದು ಬದುಕುವ ಎಲ್ಲರಿಗೂ ಉಪಯುಕ್ತವೆಂದು ತೋರಿದುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ತರಕಾರಿ ಮೂಟೆಗಳನ್ನು ಹೊತ್ತು ತರುತ್ತಿದ್ದ ಅಂಬಾಸಿಡರ್ ಕಾರೊಂದು ನಮ್ಮಲ್ಲಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ನಮ್ಮ ದೇಶದಲ್ಲಿ ತಯಾರಾಗುತ್ತಿದ್ದು, 2014ರಲ್ಲಿ ಉತ್ಪಾದನೆ ನಿಂತುಹೋದ ಬಂಡಿ ಅದು. ನಮ್ಮದರಲ್ಲಿರುವುದು 1489 ಸಿ.ಸಿ.ಯ ಹಳೆಯ ಪೆಟ್ರೋಲು ಎಂಜಿನ್ನು. ಅದು ಹೊಗೆಯುಗುಳತೊಡಗಿದಾಗ ಪೂರ್ತಿ ಬಿಚ್ಚಿಸಿ, ಬೋರು ಮಾಡಿಸಿ, ಪಿಸ್ಟನ್ನು, ಬೇರಿಂಗು, ಬುಷ್ಷುಗಳನ್ನೆಲ್ಲ ಹೊಸದಾಗಿ ಹಾಕಿಸಿದೆವು. ಕೂಡಿಟ್ಟ ಹಣದ ಬಹುಪಾಲು ಅದಕ್ಕೇ ಹೋಯಿತು.

ಎಂಜಿನ್ನು ಚಾಲೂ ಆಯಿತು. ಎಣ್ಣೆಯ ಒತ್ತಡವನ್ನು ತೋರಿಸುವ ಮುಳ್ಳು ಚದರ ಅಂಗುಲಕ್ಕೆ 50 ಪೌಂಡಿನ ಗುರುತಿನಲ್ಲಿ ನಿಂತಿತು. ಈ ಎಂಜಿನ್ನಿಗೆ ಓಟದಲ್ಲಿ ಇರಬೇಕಾದ ಒತ್ತಡ ಸುಮಾರು ಅಷ್ಟೇ. ಹಿರಿಯ ಮೇಸ್ತ್ರಿಗಳು ಕೈ ಒರಸಿಕೊಂಡರು. ನಾವು ಹಣ ಎಣಿಸತೊಡಗಿದೆವು. ಅಷ್ಟರಲ್ಲಿ ಎಂಜಿನ್ನಿನ ತಲೆಯಿಂದ ಟಕಟಕ ಸದ್ದು ಕೇಳಿಬಂತು. “ಹೊಸ ಸಾಮಾನು, ಕೂಡಿಕೊಳ್ಳಲಿ” ಎಂದರು ಮೇಸ್ತ್ರಿಗಳು.

ಅಲ್ಲಿಯೇ ಕೆಲಸ ಕಲಿಯುತ್ತಿದ್ದ ಬೀದರ ಜಿಲ್ಲೆಯ ತರುಣನೊಬ್ಬನು ಮಾತ್ರ ಬಂಡಿಯನ್ನು ನಿಲ್ಲಿಸಿ ಮೇಲಿನ ಟ್ಯಾಪೆಟ್ ಕವರು ತೆಗೆದು ನೋಡೋಣವೆಂದನು. ಮುಳ್ಳು ಸರಿಯಾಗಿರುವಾಗ ನಿನ್ನದೇನೆಂದು ನಾವೇ ಗದರಿಸಿದೆವು. ಅವನು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಮುಳ್ಳ ಸುಳ್ಳ ಹೇಳಂಗಿಲ್ರಿ ಸಾವ್ಕಾರ್ರ, ಆದ್ರ ಇದ್ದದ್ದೆಲ್ಲಾ ಹೇಳಂಗಿಲ್ಲ.”

ಕವರು ತೆಗೆದರೆ ರಾಕರ್ ಶಾಫ್ಟು ಒಣಗಿ ಬಿಸಿಯಾಗಿತ್ತು. ಎಣ್ಣೆಯ ತೊಟ್ಟೂ ಅಲ್ಲಿಗೆ ಬಂದಿರಲಿಲ್ಲ.

ಒತ್ತಡ ಬೇರೆ, ಹರಿವು ಬೇರೆ

ಪಂಪು ಹೊಡೆಯುವ ಸೀಮೆಎಣ್ಣೆ ಸ್ಟವ್ವಿನ ಮುಂದೆ ನಿಂತವರಿಗೆ ಇದರ ಗುಟ್ಟು ಸುಲಭವಾಗಿ ತಿಳಿಯುತ್ತದೆ. ನಾಜಲ್ಲಿನಲ್ಲಿ ಕಸ ಸಿಕ್ಕಿಕೊಂಡಾಗ ಟ್ಯಾಂಕಿನಲ್ಲಿ ಒತ್ತಡ ಬೇಕಾದಷ್ಟಿರುತ್ತದೆ, ಉರಿ ಮಾತ್ರ ಇರುವುದಿಲ್ಲ. ಎಂಜಿನ್ನಿನಲ್ಲಿಯೂ ಪಂಪು ಎಣ್ಣೆಯನ್ನು ತಳ್ಳುತ್ತದೆ. ಮುಂದಿನ ದಾರಿ ಕೊಡುವ ತಡೆಯಿಂದ ಒತ್ತಡವು ಏಳುತ್ತದೆ. ಮುಳ್ಳು ಅಳೆಯುವುದು ಮುಖ್ಯ ಕಾಲುವೆಯ ಒತ್ತಡವನ್ನು. ಅಲ್ಲಿಂದ ಕವಲೊಡೆದ ಕಿರುದಾರಿ ಮುಚ್ಚಿಹೋದರೆ ಮುಳ್ಳಿಗೆ ಅದರ ಸುದ್ದಿಯೇ ಇಲ್ಲ.

ತರುಣನು ಮೊದಲು ರಾಕರುಗಳ ಮೇಲೆ ಕೈಯಿಂದ ಎಣ್ಣೆ ಸುರಿದನು. ಸದ್ದು ಅಡಗಿತು, ಸ್ವಲ್ಪ ಹೊತ್ತಿನಲ್ಲಿ ಮರಳಿತು. ಅಂದರೆ ಬಿಡಿಭಾಗಗಳು ಸರಿಯಾಗಿವೆ, ಬರಬೇಕಾದ ಎಣ್ಣೆ ಬರುತ್ತಿಲ್ಲ. ಅನಂತರ ರಾಕರ್ ಶಾಫ್ಟನ್ನು ಕಳಚಿ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಸ್ಟಾರ್ಟರಿನಿಂದ ಎಂಜಿನ್ನು ತಿರುಗಿಸಿದನು. ಎಣ್ಣೆ ಉಕ್ಕಬೇಕಾದ ರಂಧ್ರ ಬರಿದಾಗಿಯೇ ಇತ್ತು. ಈ ಎಂಜಿನ್ನಿನಲ್ಲಿ ಮೇಲಕ್ಕೆ ಹೋಗುವ ಎಣ್ಣೆಯು ಕ್ಯಾಮ್ ಶಾಫ್ಟಿನ ಬುಷ್ಷನ್ನು ಹಾಯ್ದು ಏರುತ್ತದೆ. ಮರಳಿ ಬಿಚ್ಚಿದಾಗ ಹೊಸ ಬುಷ್ಷಿನ ರಂಧ್ರವು ಬ್ಲಾಕಿನ ರಂಧ್ರಕ್ಕೆ ಎದುರಾಗದೆ ಓರೆಯಾಗಿ ಕುಳಿತಿರುವುದು ಕಂಡುಬಂತು. ಕಾಳುಮೆಣಸಿನಷ್ಟು ಅಂತರ! ಹಾಗೆಯೇ ಊರು ಸುತ್ತಿದ್ದರೆ ರಾಕರುಗಳು ಸವೆದು, ಆ ಹಣವೆಲ್ಲ ನೀರಿನಲ್ಲಿ ಹೋಗುತ್ತಿತ್ತು.

ನೋಡತಕ್ಕ ಕ್ರಮ

ಹಳೆಯ ಬಂಡಿ ಕೊಂಡು ಬಾಡಿಗೆಗೆ ಓಡಿಸುವ ವಾಚಕರಿಗಾಗಿ ಕೆಲವು ಮಾತುಗಳು. ಹೊಸದಾಗಿ ಜೋಡಿಸಿದ ಎಂಜಿನ್ನಿನ ಪಂಪು ಒಣಗಿರುತ್ತದೆ. ಆದುದರಿಂದ ಮೊದಲು ಅದಕ್ಕೆ ಎಣ್ಣೆ ತುಂಬಿ, ಪ್ಲಗ್ಗುಗಳನ್ನು ತೆಗೆದು, ಒತ್ತಡ ಏರುವವರೆಗೆ ಸ್ಟಾರ್ಟರಿನಿಂದ ತಿರುಗಿಸಿ, ಆಮೇಲೆ ಚಾಲೂ ಮಾಡತಕ್ಕದ್ದು. ಒತ್ತಡ ಕಡಿಮೆ ಕಂಡರೆ ತಕ್ಷಣ ನಿಲ್ಲಿಸಿ, ಎಣ್ಣೆಯ ಮಟ್ಟವನ್ನು ನೋಡಿ, ಬೇರೊಂದು ಮಾಪಕದಿಂದ ಪರೀಕ್ಷಿಸಬೇಕು. ಅದೂ ಕಡಿಮೆಯೇ ತೋರಿಸಿದರೆ ಪಂಪಿನ ಹೀರುಕೊಳವೆ ಗಾಳಿಯೆಳೆಯುತ್ತಿರಬಹುದು. ಇಲ್ಲವೆ ಹೆಚ್ಚಿನ ಒತ್ತಡವನ್ನು ಬಿಟ್ಟುಕೊಡುವ ರಿಲೀಫ್ ವಾಲ್ವಿನಲ್ಲಿ ಕಸ ಸಿಕ್ಕಿ ಅದು ತೆರೆದುಕೊಂಡೇ ಇರಬಹುದು. ತಣ್ಣಗಿರುವಾಗ ಒತ್ತಡ ಚೆನ್ನಾಗಿದ್ದು, ಬಿಸಿಯಾದಂತೆ ತೀರ ಕುಸಿದರೆ ಬೇರಿಂಗಿನ ಸಡಿಲವನ್ನು ಸಂಶಯಿಸಬೇಕು. ಒತ್ತಡ ಸರಿಯಿದ್ದರೂ ಹಣ ಕೊಡುವ ಮುನ್ನ ಮೇಲಿನ ಕವರು ತೆಗೆಸಿ, ಎಣ್ಣೆ ಬಂದುದನ್ನು ಕಣ್ಣಾರೆ ಕಾಣಬೇಕು.

ಮರುದುರಸ್ತಿಗೆ ಷೆಡ್ಡಿನವರು ಕೂಲಿ ಕೇಳಲಿಲ್ಲ. ಹಿರಿಯ ಮೇಸ್ತ್ರಿಗಳು ಎರಡನೆಯ ಸಲ ಬುಷ್ಷು ಕೂಡಿಸುವಾಗ ಆ ತರುಣನನ್ನೇ ಕರೆದು, ರಂಧ್ರ ನೇರವಿದೆಯೇ ನೋಡೆಂದರು. ಅದು ಅವರ ದೊಡ್ಡತನ. ನಮಗಾದರೋ ನಮ್ಮ ಅಡಿಗೆಮನೆಯ ನೆನಪಾಯಿತು. ಸ್ಟವ್ವಿನಲ್ಲಿ ಏನೋ ಸರಿಯಿಲ್ಲವೆಂದ ಹುಡುಗರನ್ನು ಟ್ಯಾಂಕಿನ ಮುಳ್ಳು ತೋರಿಸಿ ಗದರಿಸಿದ ದಿನಗಳು ಅಲ್ಲಿಯೂ ಇದ್ದುವು. ಕೆಲಸದ ಹತ್ತಿರ ನಿಂತವನ ಕಿವಿಗೆ ಕೇಳಿಸುವುದು ಗಲ್ಲೆಯ ಮೇಲೆ ಕುಳಿತವನಿಗೆ ಕೇಳಿಸುವುದಿಲ್ಲ. ಆ ತರುಣನನ್ನು ಗದರಿಸಿದ್ದಕ್ಕಾಗಿ ನಾವು ಅಲ್ಲಿಯೇ ಕ್ಷಮೆ ಕೇಳಿದೆವು. ಇಲ್ಲಿ ಎಲ್ಲರೆದುರು ಇನ್ನೊಮ್ಮೆ ಕೇಳುತ್ತಿದ್ದೇವೆ.